ಮೊಯ್ನಾ ತೊಟ್ಟಿ ಕುಸಿದರೆ: ನೀರಿನಲ್ಲಿ ಲೋಹವಿದೆಯೇ ಎಂದು ಪತ್ತೆಹಚ್ಚುವ ಕ್ರಮ

ಮೊಯ್ನಾ, ಡಾಫ್ನಿಯಾ ಎಂದರೆ ಮೀನುಮರಿಗಳ ಮೇವಿಗೂ ನೀರಿನ ಪರೀಕ್ಷೆಗೂ ಸಾಕುವ, ಸಿಗಡಿ ಬಳಗದ ಪುಟ್ಟ ಸಿಹಿನೀರಿನ ಜೀವಿಗಳು. ನಿನ್ನೆ ಸಂಜೆಯವರೆಗೆ ಗಿಜಿಗುಡುತ್ತಿದ್ದ ಅವುಗಳ ತೊಟ್ಟಿ ಬೆಳಗಾಗುವಷ್ಟರಲ್ಲಿ ಖಾಲಿ. ಸತ್ತವು ಬಿಳಿಚಿಕೊಂಡು ತಳದಲ್ಲಿ ಕೂತಿವೆ. ನೀರಿನ ವರದಿ ತೆಗೆದು ನೋಡಿದರೆ ‘ಕುಡಿಯಲು ಯೋಗ್ಯ’ ಎಂದಿದೆ. ವರದಿ ಸುಳ್ಳಲ್ಲ, ಆದರೆ ಅದನ್ನು ಬರೆದದ್ದು ಮನುಷ್ಯರಿಗಾಗಿ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ತಾಮ್ರ ಲೀಟರಿಗೆ 0.05 ಮಿ.ಗ್ರಾಂ, ಅಂದರೆ 50 ಮೈಕ್ರೋಗ್ರಾಂ ಇರಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ಮಿ.ಗ್ರಾಂವರೆಗೂ ನಡೆಯುತ್ತದೆ. ಸತುವಿಗೆ 5 ಮಿ.ಗ್ರಾಂ, ಅನಿವಾರ್ಯವಾದರೆ 15. ಮೆದು ನೀರಿನಲ್ಲಿ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರವಿದ್ದರೂ ಡಾಫ್ನಿಯಾ ಮರಿಗಳಲ್ಲಿ ಅರ್ಧದಷ್ಟು 48 ಗಂಟೆಯೊಳಗೆ ನಿಶ್ಚಲವಾಗುತ್ತವೆ. ಸತು 1 ಮಿ.ಗ್ರಾಂ ಮುಟ್ಟುವ ಮೊದಲೇ ಕೆಲಸ ಕೆಡಿಸುತ್ತದೆ. ಒಂದು ಮಿಲಿಮೀಟರಿನ ಈ ಜೀವಿ ತನಗೆ ಬೇಕಾದ ಸೋಡಿಯಂ, ಕ್ಯಾಲ್ಸಿಯಂಗಳನ್ನು ನೀರಿನಿಂದಲೇ ನೇರವಾಗಿ ಎಳೆದುಕೊಳ್ಳುತ್ತದೆ. ತಾಮ್ರ ಸೋಡಿಯಂ ಒಳಬರುವುದನ್ನು ತಡೆಯುತ್ತದೆ. ಕ್ಯಾಡ್ಮಿಯಂ, ಸತು, ಸೀಸ ಮೂರೂ ಕ್ಯಾಲ್ಸಿಯಂನ ದಾರಿಗೆ ಅಡ್ಡ ಬರುತ್ತವೆ. ಹಾಗಾಗಿ ‘ನೀರು ಟೆಸ್ಟ್ ಮಾಡಿಸಿದ್ದೇವೆ, ಲೋಹ ಅಲ್ಲ’ ಎಂದು ಪಟ್ಟಿಯಿಂದ ಹೊಡೆದುಹಾಕುವ ಮುನ್ನ ಇದನ್ನೊಮ್ಮೆ ಓದಿ.

ಮೊದಲು ನೀರು ಚೆಲ್ಲಬೇಡಿ

ಗಾಬರಿಯಲ್ಲಿ ತೊಟ್ಟಿ ತೊಳೆದುಬಿಟ್ಟರೆ ಸಾಕ್ಷಿಯೂ ಚರಂಡಿ ಪಾಲು. ಹೊಸ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಾಟಲಿಗಳಲ್ಲಿ ಕಂಠಮಟ್ಟ ತುಂಬಿ ಮೂರು ಮಾದರಿ ತೆಗೆದಿಡಿ: ತೊಟ್ಟಿಯ ನೀರು 2 ಲೀಟರ್, ತೊಟ್ಟಿಗೆ ಹಾಕುವ ಮೂಲ ನೀರು 2 ಲೀಟರ್, ಮೇವಿಗೆ ಬಳಸುವ ಹಸಿರು ನೀರು (ಪಾಚಿ ಬೆಳೆಸಿದ ನೀರು) ಅರ್ಧ ಲೀಟರ್. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟು 36 ಗಂಟೆಯೊಳಗೆ ಪರೀಕ್ಷೆ ಶುರುಮಾಡಿ. ಜೀವಿಗಳ ಮೇಲೆ ಪ್ರಯೋಗಿಸುವ ಮಾದರಿಗೆ ಆಮ್ಲ ಹಾಕಬಾರದು. ರಾಸಾಯನಿಕ ವಿಶ್ಲೇಷಣೆಗೆ ಹೋಗುವ ಬಾಟಲಿ ಬೇರೆ, ಅದಕ್ಕೆ ಆಮ್ಲ ಬೇಕು. ಎರಡನ್ನೂ ಒಂದೇ ಬಾಟಲಿಯಲ್ಲಿ ಮುಗಿಸಲು ಹೋಗಿ ಎರಡೂ ಕೆಡುವುದು ತೀರಾ ಸಾಮಾನ್ಯ.

ಸತ್ತ ರೀತಿಯೇ ಅರ್ಧ ಉತ್ತರ

ಬದುಕಿ ಉಳಿದ ನಾಲ್ಕಾರನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಲ್ಲಿಟ್ಟು 40 ಪಟ್ಟು ಹಿಗ್ಗಿಸಿ ನೋಡಿ. ಮೊದಲು ಕರುಳು. ದಟ್ಟ ಹಸಿರು ನೀರಿನಲ್ಲಿ ಒಂದು ಗಂಟೆ ಬಿಟ್ಟ ಆರೋಗ್ಯವಂತ ಮೊಯ್ನಾದ ಕರುಳು ತಲೆಯಿಂದ ಬಾಲದವರೆಗೆ ಹಸಿರು ಗೆರೆಯಾಗಿ ಎದ್ದು ಕಾಣುತ್ತದೆ. ಸುತ್ತ ಮೇವಿದ್ದೂ ಕರುಳು ಖಾಲಿಯಾಗಿ ಪಾರದರ್ಶಕವಾಗಿದ್ದರೆ ಅದು ತಿನ್ನುವುದನ್ನೇ ನಿಲ್ಲಿಸಿದೆ. ಲೋಹದ ಮೊದಲ ಲಕ್ಷಣಗಳಲ್ಲಿ ಇದೊಂದು, ಸಾವಿಗಿಂತ ಎಷ್ಟೋ ಮುಂಚೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಬೆನ್ನಿನ ಮೊಟ್ಟೆಚೀಲ ನೋಡಿ. ಮೊಟ್ಟೆಗಳು ಕಂದಿ ಒಡೆದಿವೆಯೇ? ಹಳೆಯ ಚಿಪ್ಪು ಪೂರ್ತಿ ಕಳಚದೆ ಕಾಲಿಗೆ ಸಿಕ್ಕಿಕೊಂಡಿದೆಯೇ? ಕ್ಯಾಲ್ಸಿಯಂ ಕೊರತೆಯಲ್ಲೂ ಕ್ಯಾಡ್ಮಿಯಂನಂಥ ಲೋಹವಿದ್ದಾಗಲೂ ಪೊರೆ ಕಳಚುವುದು ಹೀಗೆ ಅರ್ಧಕ್ಕೆ ನಿಲ್ಲಬಹುದು.

ವೇಗವೂ ಸುಳಿವು ಕೊಡುತ್ತದೆ. ಹೊಸ ನೀರು ಹಾಕಿದ ಒಂದೆರಡು ಗಂಟೆಯಲ್ಲೇ ಎಲ್ಲವೂ ಸತ್ತರೆ ಮೊದಲು ಕ್ಲೋರಿನ್ ಮೇಲೆ ಅನುಮಾನ ಇಡಿ. ಗಿರಗಿರ ಸುತ್ತಿ, ಸೆಟೆದು ಸತ್ತರೆ ಕೀಟನಾಶಕ: ಪಕ್ಕದಲ್ಲಿ ಸೊಳ್ಳೆಗೆ ಫಾಗಿಂಗ್ ಆಗಿದೆಯೇ, ತೋಟಕ್ಕೆ ಔಷಧಿ ಹೊಡೆದಿದ್ದಾರೆಯೇ ಕೇಳಿ. ನಸುಕಿನಲ್ಲಿ ಮೇಲ್ಮೈಗೆ ಬಂದು ಕೆಂಪಗೆ ಕಂಡರೆ ಆಮ್ಲಜನಕದ ಕೊರತೆ. ಉಸಿರು ಸಾಲದಾದಾಗ ಇವು ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತವೆ. ಲೋಹದ ಸಾವು ಸಾಮಾನ್ಯವಾಗಿ ನಿಧಾನ: ಮೊದಲ ದಿನ ಮಂಕಾಗಿ ತಳಕ್ಕಿಳಿಯುತ್ತವೆ, ಮರಿಗಳು ಮೊದಲು ಹೋಗುತ್ತವೆ, ದೊಡ್ಡವು ಎರಡನೆಯ ದಿನ. ದೊಡ್ಡವು ಉಳಿದು ಮರಿಗಳೇ ಕಾಣದಾಗಿ ಎರಡು ವಾರದಲ್ಲಿ ತೊಟ್ಟಿ ತಾನಾಗಿ ಕರಗಿದರೆ, ಕಡಿಮೆ ಪ್ರಮಾಣದ ಲೋಹ ಅಥವಾ ಮೇವಿನಲ್ಲಿ ಸೇರಿಕೊಂಡ ಲೋಹ ಇರಬಹುದು.

ಲೋಹವಲ್ಲದ್ದನ್ನು ಬೇಗ ಬದಿಗಿಡಿ

ಕ್ಲೋರಿನ್, ಅಮೋನಿಯಾ, ಪಿಎಚ್, ಗಡಸುತನ, ಈ ನಾಲ್ಕರ ಕಿಟ್ ಅಕ್ವೇರಿಯಂ ಅಂಗಡಿಯಲ್ಲೇ ಸಿಗುತ್ತದೆ. ಕ್ಲೋರಿನ್ ಶೂನ್ಯವಿರಬೇಕು. ಅಮೋನಿಯಾ ಇದ್ದರೆ ಮಧ್ಯಾಹ್ನದ ಪಿಎಚ್ ಕೂಡ ನೋಡಿ. ಬಿಸಿಲಿಗೆ ಹಸಿರು ನೀರಿನ ಪಿಎಚ್ 9 ದಾಟಿದರೆ ಬೆಳಗ್ಗೆ ನಿರುಪದ್ರವಿಯಾಗಿದ್ದ ಅಮೋನಿಯಾ ಸಂಜೆಗೆ ವಿಷ. ಆರ್‌ಓ ನೀರನ್ನು ಹಾಗೇ ಹಾಕಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು, ಉಪ್ಪಿನಂಶವಿಲ್ಲದ ನೀರಿನಲ್ಲಿ ಇವು ಬದುಕುವುದಿಲ್ಲ. ಬೋರ್‌ವೆಲ್ ನೀರಿನ ಕಬ್ಬಿಣ ಗಾಳಿ ತಾಗಿ ಕಂದು ತರಿಯಾಗಿ ಕಾಲಿನ ರೋಮಗಳಿಗೆ ಮೆತ್ತಿಕೊಂಡು ಉಪವಾಸ ಕೆಡವುವುದೂ ಉಂಟು. ಅದು ಮೈಕ್ರೋಸ್ಕೋಪಿನಲ್ಲಿ ನೇರವಾಗಿ ಕಾಣುತ್ತದೆ.

ಲೋಹ ಬರುವ ದಾರಿಗಳು

ಹೆಚ್ಚಿನ ಸಲ ಲೋಹ ಕಾರ್ಖಾನೆಯಿಂದ ಬಂದಿರುವುದಿಲ್ಲ, ನಿಮ್ಮದೇ ಕೊಠಡಿಯಿಂದ ಬಂದಿರುತ್ತದೆ.

ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಮತ್ತು ಹಿತ್ತಾಳೆ ನಲ್ಲಿ ಮೊದಲ ಅನುಮಾನಿತರು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೆ ಸತುವೂ ತಾಮ್ರವೂ ಬಿಟ್ಟುಕೊಳ್ಳುತ್ತವೆ. ನೀರು ಮೆದುವಾಗಿ ಪಿಎಚ್ 7ಕ್ಕಿಂತ ಕೆಳಗಿದ್ದರೆ ಇನ್ನೂ ಜಾಸ್ತಿ. ಬೆಳಗ್ಗೆ ನಲ್ಲಿ ತೆರೆದ ತಕ್ಷಣದ ಅರ್ಧ ಲೀಟರ್ ಒಂದು ಬೀಕರಿಗೆ, ಐದು ನಿಮಿಷ ಹರಿಯಬಿಟ್ಟ ಮೇಲಿನ ಅರ್ಧ ಲೀಟರ್ ಇನ್ನೊಂದಕ್ಕೆ ಹಿಡಿಯಿರಿ. ಕ್ಲೋರಿನ್ ಹೋಗುವವರೆಗೆ ಕಾದು ತಲಾ ಹತ್ತು ಮರಿ ಬಿಡಿ. ಮೊದಲನೆಯದರಲ್ಲಿ ಸತ್ತು ಎರಡನೆಯದರಲ್ಲಿ ಉಳಿದರೆ ದೋಷ ಪೈಪಿನಲ್ಲಿದೆ, ಮೂಲದಲ್ಲಲ್ಲ.

ಏರೇಟರ್ ಲೈನಿನ ಹಿತ್ತಾಳೆ ವಾಲ್ವ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕರೆಂಟ್ ಹೋದಾಗ ತೊಟ್ಟಿಯ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಏರಿ ವಾಲ್ವಿನೊಳಗೆ ನಿಲ್ಲುತ್ತದೆ. ಕರೆಂಟ್ ಬಂದ ಕೂಡಲೇ ಆ ನೀರು ಗಾಳಿಯ ಜೊತೆ ತೊಟ್ಟಿಗೇ ವಾಪಸ್. ಲೋಡ್‌ಶೆಡ್ಡಿಂಗ್ ಇದ್ದ ವಾರದಲ್ಲೇ ತೊಟ್ಟಿ ಕುಸಿದರೆ ಎಲ್ಲರೂ ಆಮ್ಲಜನಕದ ಕೊರತೆ ಎಂದುಕೊಳ್ಳುತ್ತಾರೆ. ವಾಲ್ವಿನ ಒಳಬಾಯಿ ಹಸಿರುಗಟ್ಟಿದೆಯೇ ಬಿಚ್ಚಿ ನೋಡಿ. ಪ್ಲಾಸ್ಟಿಕ್ ವಾಲ್ವ್, ಜೊತೆಗೊಂದು ನಾನ್‌ರಿಟರ್ನ್ ವಾಲ್ವ್ ಹಾಕಿದರೆ ಈ ದಾರಿ ಬಂದ್.

ಕಪ್ಪು ರಬ್ಬರ್ ಬಿರಡೆ, ವಾಷರ್, ಟ್ಯೂಬುಗಳಿಂದ ಸತು ಬಿಡುತ್ತದೆ, ಏಕೆಂದರೆ ರಬ್ಬರ್ ಹದಮಾಡುವಾಗ ಸತುವಿನ ಆಕ್ಸೈಡ್ ಬೆರೆಸಿರುತ್ತಾರೆ. ಬದಲಿಗೆ ಸಿಲಿಕೋನ್ ಬಳಸಿ. ನೀರು ಕಾಯಿಸುವ ಕಾಯಿಲ್‌ನ ಮೇಲಿನ ಲೇಪ ಸವೆದು ತಾಮ್ರ ಹೊರಬಿದ್ದಿದ್ದರೆ ಅದನ್ನು ತೊಟ್ಟಿಯ ಹತ್ತಿರ ತರಬೇಡಿ. ಬೆಳ್ಳಿ ಲೇಪಿಸಿದ ಇದ್ದಿಲಿನ ಫಿಲ್ಟರಿಂದ ಹಾದ ನೀರೂ ಬೇಡ.

ಕಾಲೇಜು ಲ್ಯಾಬುಗಳಲ್ಲಿ ಬೇರೆಯದೇ ಕಾಟ: ಕ್ರೋಮಿಕ್ ಆಮ್ಲದಲ್ಲಿ ತೊಳೆದ ಗಾಜು. ಪೊಟ್ಯಾಸಿಯಂ ಡೈಕ್ರೋಮೇಟನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಮಾಡುವ ಆ ದ್ರಾವಣ ಗಾಜನ್ನು ಫಳಫಳ ಮಾಡುತ್ತದೆ, ನಿಜ. ಆದರೆ ಕ್ರೋಮಿಯಂ ಗಾಜಿಗೆ ಅಂಟಿಕೊಂಡು, ಹತ್ತು ಸಲ ತೊಳೆದರೂ ಪೂರ್ತಿ ಬಿಡದೆ, ಆಮೇಲೆ ಚೂರುಚೂರೇ ನೀರಿಗೆ ಇಳಿಯುತ್ತದೆ. ಒಂದೇ ಸಾಲಿನ ಬೀಕರುಗಳಲ್ಲಿ ಎರಡು ಮೂರರಲ್ಲಿ ಮಾತ್ರ ಸಾವು ಕಂಡರೆ ಮೊದಲು ಆ ಬೀಕರುಗಳು ಎಲ್ಲಿಂದ ಬಂದವು ವಿಚಾರಿಸಿ. ಈ ಕೆಲಸದ ಗಾಜನ್ನು ಶೇ 10ರ ನೈಟ್ರಿಕ್ ಆಮ್ಲದಲ್ಲಿ ಒಂದು ದಿನ ನೆನೆಸಿ, ಡಿಅಯಾನೈಸ್ಡ್ (ಲವಣಾಂಶ ತೆಗೆದ) ನೀರಿನಲ್ಲಿ ಮೂರು ಸಲ ತೊಳೆದು, ಬೇರೆಯೇ ಕಪಾಟಿನಲ್ಲಿಡಿ. ಕೈಗವಸು, ಕನ್ನಡಕ ಕಡ್ಡಾಯ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಸಾವಿಗೆ ಇನ್ನೊಂದು ಕಾರಣ ಅಡಿಕೆ ತೋಟದಲ್ಲಿದೆ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 2,500 ಮಿ.ಗ್ರಾಂ ತಾಮ್ರವಿದೆ. ಅದಷ್ಟೂ ಕರಗಿದರೆ 50,000 ಲೀಟರ್ ನೀರನ್ನು 50 ಮೈಕ್ರೋಗ್ರಾಂ ಮಟ್ಟಕ್ಕೆ ತರಲು ಸಾಕು. ಸುಣ್ಣದ ಕಾರಣ ಬಹುಪಾಲು ತಾಮ್ರ ಕರಗದೆ ಎಲೆ, ಮಣ್ಣಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಹೊಡೆದ ದಿನವೇ ಏನೂ ಆಗದಿರಬಹುದು. ಆಮೇಲಿನ ಮಳೆಗೆ ಸುಣ್ಣದ ಬಲ ಇಳಿದಂತೆ ತಾಮ್ರ ಕರಗಿ ತೋಡು, ಹಳ್ಳ ಸೇರುತ್ತದೆ. ಡ್ರಮ್ಮು, ಪಂಪು ತೊಳೆದ ನೀರು ಕೆರೆಗೆ ಹರಿದರಂತೂ ಕೇಳುವುದೇ ಬೇಡ.

ಯಾವ ಬಿಡಿಭಾಗ ಎಂದು ಗೊತ್ತಾಗದಿದ್ದರೆ ಒಂದೊಂದನ್ನೇ ಬಿಚ್ಚಿ, ಒಂದು ಲೀಟರ್ ಶುದ್ಧ ಪರೀಕ್ಷಾ ನೀರಿನಲ್ಲಿ (ಮಾಡುವ ಬಗೆ ಮುಂದಿದೆ) 48 ಗಂಟೆ ಮುಳುಗಿಸಿಡಿ. ಭಾಗ ತೆಗೆದು ಆ ನೀರಿಗೆ ಹತ್ತು ಮರಿ ಬಿಟ್ಟು ನೋಡಿ.

ಪರೀಕ್ಷಾ ನೀರು ಮತ್ತು ಮರಿಗಳು

ಒಂದು ಲೀಟರ್ ಡಿಅಯಾನೈಸ್ಡ್ ನೀರಿಗೆ ಸೋಡಿಯಂ ಬೈಕಾರ್ಬನೇಟ್ 96 ಮಿ.ಗ್ರಾಂ, ಕ್ಯಾಲ್ಸಿಯಂ ಸಲ್ಫೇಟ್ (ಎರಡು ನೀರಿನಣುಗಳಿರುವುದು) 60, ಮೆಗ್ನೀಸಿಯಂ ಸಲ್ಫೇಟ್ (ನೀರಿಲ್ಲದ್ದು) 60, ಪೊಟ್ಯಾಸಿಯಂ ಕ್ಲೋರೈಡ್ 4 ಮಿ.ಗ್ರಾಂ. ಒಂದು ದಿನ ಗಾಳಿಯಾಡಿಸಿ. ಗಡಸುತನ 80ರಿಂದ 100 ಮಿ.ಗ್ರಾಂ, ಪಿಎಚ್ 7.4ರಿಂದ 7.8ರ ಒಳಗೆ ಬರಬೇಕು. ಕ್ಯಾಲ್ಸಿಯಂ ಸಲ್ಫೇಟ್ ಬೇಗ ಕರಗದು. ಮೊದಲು ಅದೊಂದನ್ನೇ ಕರಗಿಸಿಕೊಂಡು ಉಳಿದದ್ದು ಹಾಕಿ. ಹಳೆಯ ತಾಮ್ರದ ಬಾಯ್ಲರಿನಲ್ಲಿ ಬಟ್ಟಿ ಇಳಿಸಿದ ನೀರು ಇಲ್ಲಿ ಬೇಡ.

ಮೊಟ್ಟೆ ತುಂಬಿದ ತಾಯಿಗಳನ್ನು ಸಂಜೆ ಬೇರೆ ಬೀಕರಿಗೆ ಹಾಕಿ, ಬೆಳಗ್ಗೆ ಮರಿಗಳನ್ನು ಆರಿಸಿ. 24 ಗಂಟೆಗಿಂತ ದೊಡ್ಡದಾಗಿರಬಾರದು. ಅಗಲ ಬಾಯಿಯ ಡ್ರಾಪರಿನಲ್ಲಿ ಹೀರಿ, ಡ್ರಾಪರಿನ ತುದಿಯನ್ನು ನೀರಿನೊಳಗೆ ಅದ್ದಿಯೇ ಬಿಡಬೇಕು. ಮೇಲಿನಿಂದ ತೊಟ್ಟಿಕ್ಕಿದರೆ ಚಿಪ್ಪಿನೊಳಗೆ ಗಾಳಿ ಸಿಕ್ಕಿ ಮರಿ ತೇಲಿ ಸಾಯುತ್ತದೆ, ಅಪವಾದ ನೀರಿನ ಮೇಲೆ. ಡಾಫ್ನಿಯಾ ಮ್ಯಾಗ್ನಾಗೆ 18–22 ಡಿಗ್ರಿ ಬೇಕು. ನಮ್ಮ ಕೆರೆಗಳ ಮೊಯ್ನಾಗೆ 25–27 ಡಿಗ್ರಿ ಹಿತ, ಎಸಿ ಇಲ್ಲದ ಕೊಠಡಿಗೆ ಅದೇ ಅನುಕೂಲ.

ಇಡಿಟಿಎ ಪರೀಕ್ಷೆ

ಇಡೀ ಪತ್ತೆಕಾರ್ಯದ ಬೆನ್ನೆಲುಬು ಇದು. ಇಡಿಟಿಎ ಎಂಬ ರಾಸಾಯನಿಕ ಲೋಹದ ಅಯಾನನ್ನು ಕಟ್ಟಿಹಾಕುತ್ತದೆ, ಕಟ್ಟಿಬಿದ್ದ ಲೋಹ ಜೀವಕೋಶದೊಳಗೆ ಹೋಗಲಾರದು. ಹಾಕಿದ ಮೇಲೆ ಮರಿಗಳು ಬದುಕಿದರೆ ಕೊಲ್ಲುತ್ತಿದ್ದದ್ದು ಲೋಹ. ದುಬಾರಿ ಯಂತ್ರವಿಲ್ಲದೆ ಇಷ್ಟು ಸ್ಪಷ್ಟ ಉತ್ತರ ಬೇರಾವುದರಿಂದಲೂ ಬರುವುದಿಲ್ಲ.

ಎರಡು ದ್ರಾವಣ ಮಾಡಿಕೊಳ್ಳಿ. ಡೈಸೋಡಿಯಂ ಇಡಿಟಿಎ 1 ಗ್ರಾಂ ಒಂದು ಲೀಟರಿಗೆ; ಸೋಡಿಯಂ ಥಯೋಸಲ್ಫೇಟ್ (ಕ್ಲೋರಿನ್ ಕಳೆಯುವ, ಕೆಲವು ಲೋಹಗಳನ್ನೂ ಹಿಡಿಯುವ ಲವಣ) 2.5 ಗ್ರಾಂ ಒಂದು ಲೀಟರಿಗೆ. ಎಂಟು ಬಗೆಯ ನೀರು, ಪ್ರತಿಯೊಂದೂ 100 ಮಿ.ಲೀ.:

1. ಪರೀಕ್ಷಾ ನೀರು ಮಾತ್ರ
2. ಪರೀಕ್ಷಾ ನೀರು, ಇಡಿಟಿಎ 0.8 ಮಿ.ಲೀ.
3. ಪರೀಕ್ಷಾ ನೀರು, ಥಯೋಸಲ್ಫೇಟ್ 1 ಮಿ.ಲೀ.
4. ಅನುಮಾನದ ನೀರು ಮಾತ್ರ
5. ಅನುಮಾನದ ನೀರು, ಇಡಿಟಿಎ 0.3 ಮಿ.ಲೀ. (ಲೀಟರಿಗೆ 3 ಮಿ.ಗ್ರಾಂ)
6. ಅನುಮಾನದ ನೀರು, ಇಡಿಟಿಎ 0.8 ಮಿ.ಲೀ. (8 ಮಿ.ಗ್ರಾಂ)
7. ಅನುಮಾನದ ನೀರು, ಥಯೋಸಲ್ಫೇಟ್ 0.4 ಮಿ.ಲೀ. (10 ಮಿ.ಗ್ರಾಂ)
8. ಅನುಮಾನದ ನೀರು, ಥಯೋಸಲ್ಫೇಟ್ 1 ಮಿ.ಲೀ. (25 ಮಿ.ಗ್ರಾಂ)

ಬೆರೆಸಿದ ಮೇಲೆ ಮೂರು ಗಂಟೆ ಬಿಡಿ. ಇಡಿಟಿಎ ಮೊದಲು ಕ್ಯಾಲ್ಸಿಯಂ ಹಿಡಿದು, ಆಮೇಲೆ ಅದನ್ನು ಬಿಟ್ಟು ತಾಮ್ರ, ಸತುವನ್ನು ಹಿಡಿಯಲು ಹೊತ್ತು ಬೇಕು. ಪಿಎಚ್ ಇಳಿದಿದ್ದರೆ ತೆಳು ಸೋಡಿಯಂ ಹೈಡ್ರಾಕ್ಸೈಡಿನ ಹನಿಯಿಂದ ಮೊದಲಿದ್ದಲ್ಲಿಗೆ ತನ್ನಿ. ಪ್ರತಿಯೊಂದನ್ನೂ ಎರಡು ಬೀಕರಿಗೆ ಹಂಚಿ, ಬೀಕರಿಗೆ ಐದು ಮರಿ. ಒಟ್ಟು 80 ಮರಿ. ಮೇವು ಹಾಕಬೇಡಿ. 24 ಮತ್ತು 48 ಗಂಟೆಗೆ ಎಣಿಸಿ: ಬೀಕರನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡಿನಲ್ಲಿ ಈಜದೇ ಇದ್ದದ್ದು ನಿಶ್ಚಲ ಎಂದು ಲೆಕ್ಕ. ಮೀಸೆ ಅಲುಗಿದರೂ ಈಜದಿದ್ದರೆ ನಿಶ್ಚಲವೇ. ಮೊದಲ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮರಿ ಹೋದರೆ ಇಡೀ ಪರೀಕ್ಷೆ ರದ್ದು.

ಫಲಿತಾಂಶ ಓದುವ ಬಗೆ ಹೀಗೆ. ಇಡಿಟಿಎ ಉಳಿಸಿತು, ಥಯೋಸಲ್ಫೇಟ್ ಉಳಿಸಲಿಲ್ಲ ಎಂದರೆ ಸತು, ಸೀಸ, ನಿಕ್ಕಲ್ ಕಡೆ ನೋಡಿ. ಎರಡೂ ಉಳಿಸಿದರೆ ತಾಮ್ರ ಅಥವಾ ಕ್ಯಾಡ್ಮಿಯಂ. ಥಯೋಸಲ್ಫೇಟ್ ಮಾತ್ರ ಉಳಿಸಿದರೆ ಕ್ಲೋರಿನ್, ಅಪರೂಪಕ್ಕೆ ಬೆಳ್ಳಿ. ಎರಡೂ ಉಳಿಸಲಿಲ್ಲ ಎಂದಾಗ ‘ಲೋಹ ಇಲ್ಲ’ ಎಂದು ಬರೆದುಬಿಡುವ ಆತುರ ಬೇಡ. ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಮತ್ತು ಆರ್ಸೆನಿಕ್ ನೀರಿನಲ್ಲಿ ಋಣ ಅಯಾನಾಗಿರುತ್ತವೆ, ಇಡಿಟಿಎ ಅವನ್ನು ಮುಟ್ಟುವುದೇ ಇಲ್ಲ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಕಡೆ ಇದು ನೆನಪಿರಲಿ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಕಂಡುಬಂದಿರುವುದು ದಾಖಲಾಗಿದೆ. ಆಮ್ಲೀಯಗೊಳಿಸಿದ ಮಾದರಿಗೆ ಡೈಫಿನೈಲ್‌ಕಾರ್ಬಜೈಡ್ ಹಾಕಿದಾಗ ನೇರಳೆಗೆಂಪು ಬಣ್ಣ ಬಂದರೆ ಅದೇ. ಕಲರಿಮೀಟರಿನಲ್ಲಿ 540 ನ್ಯಾನೋಮೀಟರಿಗೆ ಅಳೆಯಬಹುದು.

ನಾಲ್ಕರಿಂದ ಎಂಟರವರೆಗೆ ಎಲ್ಲ ಬೀಕರುಗಳಲ್ಲೂ ಕೆಲವೇ ಗಂಟೆಯಲ್ಲಿ ಎಲ್ಲವೂ ಸತ್ತರೆ ನೀರು ತೀರಾ ಕಟುವಾಗಿದೆ. ಪರೀಕ್ಷಾ ನೀರು ಬೆರೆಸಿ ಅರ್ಧಕ್ಕೆ, ಕಾಲಿಗೆ ತೆಳುಮಾಡಿ ಮತ್ತೆ ನಡೆಸಿ. ಲೀಟರಿಗೆ 3 ಮಿ.ಗ್ರಾಂ ಇಡಿಟಿಎ ಕಟ್ಟಿಹಾಕಬಲ್ಲ ತಾಮ್ರ ಸುಮಾರು 500 ಮೈಕ್ರೋಗ್ರಾಂ, ಅದಕ್ಕಿಂತ ಹೆಚ್ಚಿದ್ದರೆ ಮಿಕ್ಕಿದ್ದು ಕೊಲ್ಲುತ್ತಲೇ ಇರುತ್ತದೆ.

ಮರಿಗಳ ಸಂವೇದನೆ ಸರಿಯಿದೆಯೇ ಎಂದು ತಿಂಗಳಿಗೊಮ್ಮೆಯಾದರೂ ಪೊಟ್ಯಾಸಿಯಂ ಡೈಕ್ರೋಮೇಟಿನಿಂದ ನೋಡಿಕೊಳ್ಳಿ. ಡಾಫ್ನಿಯಾ ಮ್ಯಾಗ್ನಾದಲ್ಲಿ ಅರ್ಧದಷ್ಟು ಮರಿಗಳು 24 ಗಂಟೆಗೆ ನಿಶ್ಚಲವಾಗುವ ಪ್ರಮಾಣ ಲೀಟರಿಗೆ 0.6ರಿಂದ 2.1 ಮಿ.ಗ್ರಾಂ ನಡುವೆ ಬರಬೇಕು. ಮೊಯ್ನಾಗೆ ನಿಮ್ಮದೇ ಅಂಕಿ ಕಟ್ಟಿಕೊಳ್ಳಿ. ಉಳಿದ ಡೈಕ್ರೋಮೇಟ್ ಸಿಂಕಿಗೆ ಹೋಗಬಾರದು.

ಅದೇ ತಾಮ್ರ, ಒಂದು ತೊಟ್ಟಿ ಸತ್ತಿತು, ಇನ್ನೊಂದು ಉಳಿಯಿತು

ವರದಿಯಲ್ಲಿ ಎರಡೂ ತೊಟ್ಟಿಗೆ 40 ಮೈಕ್ರೋಗ್ರಾಂ ತಾಮ್ರ ಎಂದಿದೆ, ಸತ್ತದ್ದು ಒಂದರಲ್ಲಿ ಮಾತ್ರ. ವಿಶ್ಲೇಷಣೆ ತಪ್ಪಿರಬೇಕಿಲ್ಲ. ಕೊಲ್ಲುವುದು ಒಟ್ಟು ತಾಮ್ರವಲ್ಲ, ಬಿಡಿಯಾಗಿ ಓಡಾಡುವ ತಾಮ್ರದ ಅಯಾನು. ಗಡಸು ನೀರಿನಲ್ಲಿ, ಜೀವಿಯ ಮೈಮೇಲೆ ತಾಮ್ರ ಅಂಟುವ ಜಾಗಕ್ಕೇ ಕ್ಯಾಲ್ಸಿಯಂ ಪೈಪೋಟಿ ಮಾಡುತ್ತದೆ. ಕೊಳೆತ ಎಲೆಯಿಂದ ಬಂದ ಕಂದು ಸಾವಯವ ಅಂಶ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಎಚ್ ಏರಿದರೆ ಬಿಡಿ ಅಯಾನಿನ ಪಾಲು ಇಳಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಸಿಹಿನೀರಿನ ತಾಮ್ರದ ಮಿತಿಯನ್ನು ಈ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಗೆ ಬದಲಿಸಿತು. ಕೋಲಾರದ ಗಡಸು ಬೋರ್‌ವೆಲ್ ನೀರಿನಲ್ಲಿ ನಡೆದ ತೊಟ್ಟಿ ತೀರ್ಥಹಳ್ಳಿಯ ಹಳ್ಳದ ಮೆದು ನೀರಿನಲ್ಲಿ ಅದೇ ಹಿತ್ತಾಳೆ ನಲ್ಲಿಯ ಕೆಳಗೆ ನಡೆಯದಿರುವುದು ಸಹಜ. ಲೋಹದ ಅಂಕಿಯ ಪಕ್ಕದಲ್ಲಿ ಗಡಸುತನ, ಪಿಎಚ್ ಎರಡನ್ನೂ ಬರೆಯದ ದಾಖಲೆಯಿಂದ ಹೆಚ್ಚು ಉಪಯೋಗವಿಲ್ಲ.

ಬೆಂಗಳೂರಿನ ವೃಷಭಾವತಿ ನದಿಯಂಥ ಕಡೆಯ ನೀರು ತಂದು ಇಡಿಟಿಎ ಪರೀಕ್ಷೆ ನಡೆಸುವವರು ಇನ್ನೊಂದು ತೊಡಕಿಗೆ ಸಿದ್ಧರಿರಬೇಕು. ಅಲ್ಲಿ ಕಾರ್ಖಾನೆಯ ನೀರಿನ ಜೊತೆ ಊರಿನ ಕೊಳಚೆಯೂ ಇದೆ. ಅಮೋನಿಯಾ, ಸೋಪಿನಂಶ, ಆಮ್ಲಜನಕದ ಕೊರತೆಯೇ ಮೊದಲು ಕೊಲ್ಲಬಹುದು. ಇಡಿಟಿಎ ಫಲ ಕೊಡದಿದ್ದರೆ ಲೋಹ ಇಲ್ಲ ಎಂದಲ್ಲ, ಸರದಿಯಲ್ಲಿ ಅದು ಹಿಂದಿರಬಹುದು. ಲೋಹದ ಬಹುಪಾಲು ಕೆಸರಿನಲ್ಲಿರುತ್ತದೆ, ಅದಕ್ಕೆ ಬೇರೆ ಮಾದರಿ ತೆಗೆಯಬೇಕು.

ಪಾಚಿ ದಟ್ಟವಾಗದಿದ್ದರೆ

ಹಸಿರು ನೀರು ಕಟ್ಟುತ್ತಿಲ್ಲ ಎಂಬ ದೂರಿನ ಹಿಂದೆಯೂ ಲೋಹ ಇರಬಹುದು. ಮೈಲುತುತ್ತ 1904ರಿಂದಲೇ ಜಲಾಶಯಗಳ ಪಾಚಿನಾಶಕವಾಗಿ ಬಳಕೆಯಲ್ಲಿದೆ. ಕ್ಲೋರೆಲ್ಲಾ ಎಂಬ ಹಸಿರು ಪಾಚಿಯನ್ನು ಮಿ.ಲೀ.ಗೆ 10,000 ಕೋಶದಂತೆ ಅನುಮಾನದ ನೀರು, ಪರೀಕ್ಷಾ ನೀರು ಎರಡಕ್ಕೂ ಹಾಕಿ, ಸಮ ಪ್ರಮಾಣದ ಪೋಷಕ ಕೊಟ್ಟು, 24, 48, 72 ಗಂಟೆಗೆ ಹೀಮೋಸೈಟೋಮೀಟರಿನಲ್ಲಿ (ಕೋಶ ಎಣಿಸುವ ಚೌಕಳಿ ಸ್ಲೈಡ್) ಎಣಿಸಿ. 72 ಗಂಟೆಗೆ ಪರೀಕ್ಷಾ ನೀರಿನಲ್ಲಿ ಕನಿಷ್ಠ 16 ಪಟ್ಟು ಆಗಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ತಾಮ್ರವಿದ್ದರೆ ಎಣಿಕೆ ಏರುವುದಿಲ್ಲ, ಕೋಶಗಳು ಮಾತ್ರ ಸಾಮಾನ್ಯಕ್ಕಿಂತ ದಪ್ಪ ಕಾಣಬಹುದು: ವಿಭಜನೆ ನಿಂತಿದೆ, ದ್ಯುತಿಸಂಶ್ಲೇಷಣೆ ಇನ್ನೂ ನಡೆದಿದೆ.

ಇಲ್ಲೊಂದು ಮೋಸ ಇದೆ. ಪಾಚಿ ಬೆಳೆಸಲು ಬಳಸುವ ಬೋಲ್ಡ್ಸ್ ಬೇಸಲ್ ಮಾಧ್ಯಮದಲ್ಲಿ ಲೀಟರಿಗೆ 50 ಮಿ.ಗ್ರಾಂ ಇಡಿಟಿಎ ಇರುತ್ತದೆ. ಅದನ್ನು ಪೋಷಕವಾಗಿ ಹಾಕಿದರೆ ಲೋಹವೆಲ್ಲ ಕಟ್ಟಿಬಿದ್ದು ಪಾಚಿ ಚೆನ್ನಾಗಿಯೇ ಬೆಳೆಯುತ್ತದೆ, ನೀರು ಸರಿಯಿದೆ ಎಂಬ ಸುಳ್ಳು ಫಲಿತಾಂಶ ಕೈಗೆ ಬರುತ್ತದೆ. ಇಡಿಟಿಎ ಲೀಟರಿಗೆ 0.1 ಮಿ.ಗ್ರಾಂ ಮಾತ್ರವಿರುವ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಪರೀಕ್ಷಾ ಕ್ರಮದ ಮಾಧ್ಯಮ ವಾಸಿ.

ಪಾಚಿ ಬೆಳೆದರೂ ಅದರ ಮೇಲೆ ಲೋಹ ಕೂತಿರಬಹುದು. ಹೊಸ ನೀರು, ಹೊಸ ತೊಟ್ಟಿ, ಹೊಸ ಮೊಯ್ನಾ ಎಲ್ಲ ಬದಲಿಸಿದ ಮೇಲೂ ಮರಿಗಳು ಕಡಿಮೆಯಾಗುತ್ತಲೇ ಇದ್ದರೆ ಮೇವು ಬದಲಿಸಿ: ಒಂದು ತೊಟ್ಟಿಗೆ ಯೀಸ್ಟ್, ಇನ್ನೊಂದಕ್ಕೆ ಹಳೆಯ ಹಸಿರು ನೀರು. ಎರಡು ವಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಲ್ಯಾಬಿಗೆ ಕಳಿಸುವಾಗ

0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ್ದೊಂದು, ಸೋಸದ್ದೊಂದು ಬಾಟಲಿ. ಫಿಲ್ಟರಿನಿಂದ ಮೊದಲು ಇಳಿದ ಸುಮಾರು 20 ಮಿ.ಲೀ. ಚೆಲ್ಲಿ. ಆಮೇಲೆ ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗೆ ತನ್ನಿ. ಡಿಅಯಾನೈಸ್ಡ್ ನೀರನ್ನೂ ಹಾಗೇ ಸೋಸಿ, ಆಮ್ಲ ಹಾಕಿ, ಹೆಸರು ಬರೆಯದೆ ಜೊತೆಗೆ ಕಳಿಸಿ. ಅದರಲ್ಲೂ ಸತು ಬಂದರೆ ನಿಮ್ಮ ಬಾಟಲಿ, ಕೈಗವಸು ಅಥವಾ ಫಿಲ್ಟರಿನದೇ ಕೆಲಸ.

ವರದಿಯಲ್ಲಿ ‘ಬಿಡಿಎಲ್’ (ಪತ್ತೆಮಿತಿಗಿಂತ ಕಡಿಮೆ) ಎಂದು ಬಂದರೆ ಆ ಪತ್ತೆಮಿತಿ ಎಷ್ಟೆಂದು ಅಂಕಿಯಲ್ಲಿ ಕೇಳಿ. ಮಿತಿಯೇ 0.1 ಮಿ.ಗ್ರಾಂ ಇದ್ದರೆ 90 ಮೈಕ್ರೋಗ್ರಾಂ ತಾಮ್ರವಿದ್ದರೂ ವರದಿ ‘ಬಿಡಿಎಲ್’ ಎನ್ನುತ್ತದೆ, ಮೊಯ್ನಾಗೆ ಅದು ಧಾರಾಳ. ಅತಿ ಕಡಿಮೆ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಅಥವಾ ಗ್ರಾಫೈಟ್ ಫರ್ನೇಸ್ ಎಎಎಸ್ ಯಂತ್ರ ಇರುವ ಲ್ಯಾಬೇ ಬೇಕು. ಯಾವ ಲೋಹ ಎಂದು ಇಡಿಟಿಎ ಪರೀಕ್ಷೆ ಮೊದಲೇ ಸುಳಿವು ಕೊಟ್ಟಿದ್ದರೆ ಹತ್ತು ಲೋಹದ ಬದಲು ಎರಡು ಮೂರಕ್ಕೆ ದುಡ್ಡು ಕೊಟ್ಟರಾಯಿತು.

ದುರಸ್ತಿ

ತೊಟ್ಟಿಗೇ ಇಡಿಟಿಎ ಸುರಿದು ಸಾಗಿಸೋಣ ಎಂಬ ಉಪಾಯ ಬಹಳ ದಿನ ನಡೆಯದು. ಪೈಪಿನಿಂದ ಲೋಹ ಬರುತ್ತಲೇ ಇರುತ್ತದೆ, ಇಡಿಟಿಎ ತೀರಿದ ದಿನ ಮತ್ತೆ ಅದೇ ಕಥೆ. ಮೂಲ ಮುಚ್ಚಿ: ತೊಟ್ಟಿಗೆ ಹೋಗುವ ಲೈನನ್ನು ಪಿವಿಸಿಗೆ ಬದಲಿಸಿ, ಬದಲಿಸುವವರೆಗೆ ಬೆಳಗಿನ ಮೊದಲ ಐದು ನಿಮಿಷದ ನೀರು ಗಿಡಕ್ಕೆ. ಮೆದು ನೀರಾದರೆ ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಗಡಸುತನವನ್ನು 100ರ ಸುತ್ತ ತನ್ನಿ, ಒಂದಿಷ್ಟು ರಕ್ಷಣೆ ಸಿಗುತ್ತದೆ.

ತಾಮ್ರದ ಔಷಧಿ ಬಳಸಿದ ಸಿಮೆಂಟ್ ತೊಟ್ಟಿಯನ್ನು ಮೊಯ್ನಾಗೆ ಮತ್ತೆ ಬಳಸಬೇಡಿ. ಗೋಡೆಗೆ ಕಚ್ಚಿಕೊಂಡ ತಾಮ್ರ ಪಿಎಚ್ ಇಳಿದಾಗಲೆಲ್ಲ ಹೊರಬರುತ್ತದೆ. ಆಮ್ಲ ಹಾಕಿ ತೊಳೆದರೆ ಸಿಮೆಂಟೇ ಕಿತ್ತು ಇನ್ನಷ್ಟು ಬಿಡುತ್ತದೆ. ಆಹಾರ ದರ್ಜೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲವೇ ಎಚ್‌ಡಿಪಿಇ ಡ್ರಮ್ಮಿಗೆ ಬದಲಾಯಿಸಿ. ಹೊಸ ತೊಟ್ಟಿಗೆ ಮೊದಲು ಇಪ್ಪತ್ತು ಮರಿ ಬಿಟ್ಟು 48 ಗಂಟೆ ಕಾಯಿರಿ. ಆಮೇಲೂ ಮೊದಲ ಮರಿಗಳು ಬೆಳೆದು ತಾವೇ ಮರಿ ಹಾಕುವವರೆಗೆ ದೊಡ್ಡ ತೊಟ್ಟಿಗೆ ಹಂಚಬೇಡಿ. ಬೇರೆ ಮೂಲದ ನೀರಿನಲ್ಲಿ, ಬೇರೆ ಬಲೆ, ಬೇರೆ ಡ್ರಾಪರ್ ಬಳಸಿ, ಎರಡು ಗಾಜಿನ ಜಾಡಿ ಮೀಸಲು ತಳಿ ಯಾವಾಗಲೂ ಇಟ್ಟಿರಿ.